ತರ್ಮುಜಿಯ ಲೆಕ್ಕ ತಪ್ಪಿರಲಿಲ್ಲ

ತರ್ಮುಜಿ ಸತ್ತು ತೊಂಬತ್ತೇಳು ದಿನ ಆಗಿತ್ತು. ನೂರನೆಯ ದಿನದ ಪ್ರಾರ್ಥನೆಗೆ ಎಷ್ಟು ಜನರಿಗೆ ಅಡುಗೆ ಮಾಡಬೇಕು ಎಂದು ಮಾತಾಡಲು ಪಕ್ಕದ ಮನೆಯ ಬು ಸರ್ಮಿ ಬಂದಳು. ಆ ಕಡೆ ಹೆಂಗಸರ ಹೆಸರಿಗೆ ಬು, ಗಂಡಸರ ಹೆಸರಿಗೆ ಪಕ್ ಸೇರಿಸಿ ಕರೆಯುವುದು ಮರ್ಯಾದೆ. ವಗಿರಾ ಹಿತ್ತಲಲ್ಲಿ ನೀರಿನ ತೊಟ್ಟಿಯೊಳಗೆ ನಿಂತು, ಹುದುಗಿಸಿ ಮಾಡುವ ತೆಂಪೆ ಬಿಲ್ಲೆಗೆಂದು ನೆನೆಸಿದ ಸೋಯಾ ಕಾಳನ್ನು ಸಿಪ್ಪೆ ಬಿಡುವಂತೆ ತುಳಿಯುತ್ತಿದ್ದಳು.

"ಅರವತ್ತು ಜನ ಅಂತ ಇಟ್ಕೊ. ನಿನ್ನ ಗಂಡ ಇದ್ದಿದ್ರೆ ಅರವತ್ತು ಜನಾನ ಕರೆದು ಮೂವತ್ತಕ್ಕೆ ಅನ್ನ ಮಾಡಿಸ್ತಿದ್ದ. ಲೆಕ್ಕ ತಪ್ಪಿದ ತರ್ಮುಜಿ!" ಎಂದು ಬು ಸರ್ಮಿ ನಕ್ಕಳು.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮುಂತಿಲಾನ್ ಸಂತೆಯಲ್ಲಿ ಏಳು ವರ್ಷದಿಂದ ಅವನಿಗೆ ಅದೇ ಹೆಸರು. ತರಕಾರಿಯವನೂ ಅದೇ ಅನ್ನುತ್ತಿದ್ದ, ಶಾಲೆಯ ಮೇಷ್ಟರೂ ಅದೇ ಅನ್ನುತ್ತಿದ್ದರು.

"ಅವರ ಲೆಕ್ಕ ತಪ್ಪಿರಲಿಲ್ಲ" ಎಂದಳು ವಗಿರಾ. ತಲೆ ತಗ್ಗಿಸಿಯೇ ಅಂದಳು. ಕಾಲ ಕೆಳಗೆ ನೀರು ಸದ್ದು ಮಾಡುತ್ತಿತ್ತು. ಬು ಸರ್ಮಿಗೆ ಕೇಳಿಸಲಿಲ್ಲ.

ಈ ಮಾತನ್ನು ಅವಳು ಎಷ್ಟೋ ಸಲ ಹೀಗೆಯೇ ಹೇಳಿದ್ದಳು. ನೀರಿಗೆ, ಒಲೆಗೆ, ದಿಂಬಿಗೆ. ಇನ್ನು ಮೂರು ದಿನಕ್ಕೆ ಊರಿನವರೆಲ್ಲ ಅವಳ ಮನೆಯಲ್ಲಿ ಕೂರುತ್ತಾರೆ. ಶಾಲೆಯ ಹಳೆಯ ಹೆಡ್‌ಮೇಡಂ ಬು ರೆತ್ನಾನಿಯೂ ಬರುತ್ತೇನೆಂದು ಹೇಳಿ ಕಳಿಸಿದ್ದರು. ಆವತ್ತು ಎಲ್ಲರ ಎದುರು ಹೇಳಬೇಕು. ಹೇಳದಿದ್ದರೆ ಅವನ ಹೆಸರು ಹಾಗೆಯೇ ಉಳಿದುಹೋಗುತ್ತದೆ, ಗೋರಿಯ ಕಲ್ಲಿಗೆ ಬರೆದಂತೆ. ಹೇಳಿದರೆ ತನ್ನ ಗತಿ ಏನು ಎಂಬುದೂ ಅವಳಿಗೆ ಗೊತ್ತಿತ್ತು.

ತರ್ಮುಜಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ. ಆಮೇಲೆ ಟೀವಿ. ನಲವತ್ತು ದಾಟಿದ ಮೇಲೆ ಕಂಪ್ಯೂಟರಿಗೆ ಬಿದ್ದ. ಯೋಗ್ಯಾ ನಗರದ ಕಾಲೇಜು ಮಕ್ಕಳು ಭಾನುವಾರ ಒಂದು ಕಡೆ ಸೇರಿ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಕಲಿಯುತ್ತಿದ್ದರು. ಇವನು ಮೋಟಾರ್‌ಸೈಕಲ್ ಹತ್ತಿ ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಬರುವಾಗ ಜೇಬಿನ ತುಂಬ ಡಿಸ್ಕು.

"ಇದು ಕದ್ದ ಮಾಲಲ್ಲ, ದುಡ್ಡು ಕೊಟ್ಟು ತಂದಿದ್ದೂ ಅಲ್ಲ" ಎನ್ನುತ್ತಿದ್ದ. "ಹಳೇ ಯಂತ್ರಕ್ಕೆ ಹಾಕಿದ್ರೂ ಏಳ್ತದೆ."

"ಸತ್ತ ಹೆಣಾನ ಎಬ್ಬಿಸೋ ಮಂತ್ರವಾದಿ ಆದ್ರಿ ಅನ್ನಿ" ಎಂದಿದ್ದಳು ವಗಿರಾ.

"ಪೂರ್ತಿ ಸತ್ತಿದ್ರೆ ಆಗಲ್ಲ. ಸ್ವಲ್ಪ ಉಸಿರಿರ್ಬೇಕು."

ಎಷ್ಟು ಉಸಿರಿರಬೇಕು ಎನ್ನುವುದನ್ನು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಮೇಲಿನ ಗೋಡೆಗೆ ಹೊಡೆದಿದ್ದ. ಕಪ್ಪು ಪರದೆ, ಬರಿ ಅಕ್ಷರ ಸಾಕು ಎಂದರೆ ಮೆಮೊರಿ ಮೂವತ್ತೆರಡು ಎಂಬಿ. ಚಿತ್ರದ ಪರದೆ, ಮೌಸು, ಪತ್ರ ಬರೆಯುವ ಪುಟ ಬೇಕೆಂದರೆ ನೂರ ಇಪ್ಪತ್ತೆಂಟು. ಡಿಸ್ಕಿನಲ್ಲಿ ಎಷ್ಟು ಜಾಗ, ಪ್ರಾಸೆಸರ್ ಎಷ್ಟು ಹಳೆಯದಾದರೂ ನಡೆಯುತ್ತದೆ, ಅದೂ ಇತ್ತು. ಕೊನೆಯ ಸಾಲು ಅವನು ತನಗೇ ಬರೆದುಕೊಂಡದ್ದು: ಇಷ್ಟಿಲ್ಲದಿದ್ದರೆ ಹೂಂ ಅನ್ನಬೇಡ. ಅವನಿಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಆ ಊರಲ್ಲಿ ಯಾರಿಗೂ ಬರುವುದಿಲ್ಲ. ಗೋಡೆ ನೋಡಿ ಉತ್ತರ ಕೊಡಲಿ ಎಂದು ಅದನ್ನು ಹಾಕಿದ್ದ.

ವಗಿರಾ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮೆಮೊರಿ ಎಂದರೇನು ಎಂದು ಒಮ್ಮೆ ಕೇಳಿದಳು. ಅವನು ಅವಳ ಕೈಯಲ್ಲಿದ್ದ ಮೊರ ತೋರಿಸಿದ.

"ಪ್ರಾಸೆಸರ್ ಅಂದ್ರೆ ನಿನ್ನ ಕೈ. ಡಿಸ್ಕು ಅಂದ್ರೆ ಕಾಳಿನ ಮೂಟೆ. ಮೆಮೊರಿ ಅಂದ್ರೆ ಈ ಮೊರ. ಮೂಟೆ ಎಷ್ಟು ದೊಡ್ಡದಿದ್ರೇನು, ಮೊರ ಅಂಗೈ ಅಗಲ ಇದ್ರೆ ಏನ್ ಮಾಡ್ತಿ?"

"ಒಂದು ಹಿಡಿ ಹರವ್ತೀನಿ. ಅದನ್ನ ಎತ್ತಿಟ್ಟು ಇನ್ನೊಂದು ಹಿಡಿ ತರ್ತೀನಿ."

"ಅದೇ! ಅದಕ್ಕೇ ಆ ಡಿಸ್ಕು ಕಿರಕಿರ ಅಂತ ಅಳೋದು. ಮೂಟೆಗೂ ಮೊರಕ್ಕೂ ಓಡಾಡಿ ಸೊಂಟ ಬಿದ್ದೋಗಿರ್ತದೆ."

ಅವಳಿಗೆ ಅರ್ಥವಾಯಿತು. ಚೆನ್ನಾಗಿಯೇ ಅರ್ಥವಾಯಿತು. ಆದರೆ ಅದು ನೋಡಲು ಹೇಗಿರುತ್ತದೆ ಎಂದು ಅವಳು ಕೇಳಲಿಲ್ಲ, ಅವನೂ ತೋರಿಸಲಿಲ್ಲ.

ಆ ವರ್ಷ ನಕಲಿ ಡಿಸ್ಕು ಹಾಕಿಕೊಂಡವರನ್ನು ಪೊಲೀಸರು ಹುಡುಕುತ್ತಿದ್ದರು. ಮಗೆಲಾಂಗಿನಲ್ಲಿ ಎರಡು ಇಂಟರ್ನೆಟ್ ಅಂಗಡಿ ಮುಚ್ಚಿಸಿದ್ದರು. ಅದೇ ಹೊತ್ತಿಗೆ ಸೆಮಾರಾಂಗಿನ ಯಾವುದೋ ಕಚೇರಿ ಹನ್ನೆರಡು ಹಳೆಯ ಕಂಪ್ಯೂಟರನ್ನು ಊರಿನ ಶಾಲೆಗೆ ದಾನ ಮಾಡಿತು. ಬು ರೆತ್ನಾನಿಗೆ ಸಂತೋಷಕ್ಕಿಂತ ಹೆದರಿಕೆ ಹೆಚ್ಚಾಯಿತು. ತರ್ಮುಜಿಯ ಅಂಗಡಿಗೆ ಬಂದರು.

"ಪೊಲೀಸ್ರು ಬಂದ್ರೂ ನಾನು ಎದೆ ಎತ್ತಿ ನಿಲ್ಬೇಕು ಪಕ್. ಮಕ್ಳು ಪತ್ರ ಬರೀಬೇಕು, ಚಿತ್ರ ಬಿಡಿಸ್ಬೇಕು. ಆಗುತ್ತಾ?"

ತರ್ಮುಜಿ ಗೋಡೆ ನೋಡಿದ. ಶಾಲೆಗೆ ಹೋಗಿ ಹನ್ನೆರಡು ಯಂತ್ರದ ಹೊಟ್ಟೆಯನ್ನೂ ಬಿಚ್ಚಿ ನೋಡಿದ. ಒಂದೊಂದರಲ್ಲೂ ಮೂವತ್ತೆರಡೇ ಇತ್ತು. ಎರಡೆರಡು ಜಾಗ ಖಾಲಿ ಇತ್ತು. ಅರವತ್ನಾಲ್ಕರ ತುಂಡು ಒಂದಕ್ಕೆ ಎರಡರಂತೆ ಹಾಕಿದರೆ ನೂರ ಇಪ್ಪತ್ತೆಂಟು ದಾಟುತ್ತದೆ. ಇಪ್ಪತ್ನಾಲ್ಕು ತುಂಡು ಬೇಕು.

"ಆಗುತ್ತೆ ಬು. ಸ್ವಲ್ಪ ಟೈಮ್ ಕೊಡಿ" ಎಂದ.

ಹನ್ನೊಂದು ತಿಂಗಳು ಹಿಡಿಯಿತು. ಯಾರಾದರೂ ರಿಪೇರಿಗೆ ಬಂದರೆ "ನನಗೇನೂ ಕೊಡ್ಬೇಡಿ, ಮನೇಲಿ ಕೆಟ್ಟ ಕಂಪ್ಯೂಟರ್ ಇದ್ರೆ ಅದರ ಮೆಮೊರಿ ಕೊಡಿ" ಎನ್ನುತ್ತಿದ್ದ. ಸಿಕ್ಕ ಪ್ರತಿ ತುಂಡನ್ನೂ ಒಂದಿಡೀ ದಿನ ಯಂತ್ರದಲ್ಲಿ ಹಾಕಿ ಪರೀಕ್ಷೆ ಮಾಡಿ, ಪಾಸಾದದ್ದನ್ನು ಕೆಂಪು ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದ. ಡಬ್ಬಿ ಮಲಗುವ ಕೋಣೆಯ ಕಪಾಟಿನ ಮೇಲಿತ್ತು. ಏನದು ಎಂದು ವಗಿರಾ ಒಮ್ಮೆ ಕೇಳಿದಾಗ "ಹಳೇ ಯಂತ್ರದ್ದು" ಎಂದಿದ್ದ. ಅಷ್ಟೇ.

ಉಪವಾಸದ ತಿಂಗಳಿಗೆ ಮುಂಚೆ ಮನೆಮನೆಯಲ್ಲೂ ಗುಡಿಸಿ ತೊಳೆಯುತ್ತಾರೆ. ಹಿರಿಯರ ಗೋರಿಗೆ ಹೂ ಹಾಕುತ್ತಾರೆ. ಆಗಲೇ ಈರುಳ್ಳಿಯವಳು ಸೈಕಲ್ ತಳ್ಳಿಕೊಂಡು ಬರುತ್ತಾಳೆ. ಹಳೆಯ ಸಾಮಾನು ಕೊಟ್ಟರೆ ತೂಗಿ ಸಣ್ಣ ಈರುಳ್ಳಿ ಕೊಡುತ್ತಾಳೆ. ವಗಿರಾ ಒಡೆದ ಬಾಣಲೆ ಕೊಟ್ಟಳು, ಸೈಕಲ್ ಗಾಲಿ ಕೊಟ್ಟಳು. ಮೇಜಿನ ಕೆಳಗಿನ ಸುಟ್ಟ ಬೋರ್ಡುಗಳನ್ನು ಬಿಸಾಕು ಎಂದು ಗಂಡನೇ ಹೇಳಿದ್ದ. ಅವನ್ನೂ ಕೊಟ್ಟಳು. ಆಮೇಲೆ ಒಳಗೆ ಹೋಗಿ ಕಪಾಟಿನ ಮೇಲಿನ ಕೆಂಪು ಡಬ್ಬಿ ಇಳಿಸಿದಳು. ಅಕ್ಕಿ ಹಪ್ಪಳ ತುಂಬಿಡಲು ಒಂದು ಒಳ್ಳೆಯ ಡಬ್ಬಿ ಬೇಕಿತ್ತು. ಮುಚ್ಚಳದ ಮೇಲಿನ ಟೇಪು ಓದದೆಯೇ ತೆಗೆದಳು. ಒಳಗೆ ಹಸಿರು ಪಟ್ಟಿಗಳು, ಅವುಗಳ ಮೇಲೆ ಕಪ್ಪು ತಿಗಣೆಯಂಥವು. ಸುಟ್ಟ ಬೋರ್ಡಿನಲ್ಲೂ ಅಂಥದ್ದೇ ಇತ್ತು. ಇದೂ ಕಸವೇ ಎಂದುಕೊಂಡು ಹೊರಗೆ ಒಯ್ದಳು.

ಈರುಳ್ಳಿಯವಳ ಕಣ್ಣು ಅರಳಿತು. "ಇದರ ಅಂಚಲ್ಲಿ ಹಳದಿ ಇದೆ ನೋಡು. ಇದಕ್ಕೆ ಬೇರೆ ಎರಡು ಕಿಲೋ ಕೊಡ್ತೀನಿ."

"ಎರಡೂವರೆ ಕೊಡು. ಇಲ್ಲಾಂದ್ರೆ ವಾಪಸ್ ಒಳಗಿಡ್ತೀನಿ."

"ಅಯ್ಯೋ, ಗಟ್ಟಿಗಿತ್ತಿ ಕಣೆ ನೀನು. ತೊಗೊ."

ವಗಿರಾ ಗೆದ್ದವಳಂತೆ ಒಳಗೆ ಬಂದಳು. ಆ ಅರ್ಧ ಕಿಲೋ ಈಗಲೂ ಅವಳ ಹೊಟ್ಟೆಯಲ್ಲಿ ಚುಚ್ಚುತ್ತದೆ.

ನಾಲ್ಕು ದಿನ ಬಿಟ್ಟು ತರ್ಮುಜಿ ಕುರ್ಚಿ ಹತ್ತಿ ಕಪಾಟಿನ ಮೇಲೆ ಕೈಯಾಡಿಸಿದ. ಶಾಲೆಯ ಕಾರ್ಯಕ್ರಮಕ್ಕೆ ಎರಡು ದಿನ ಉಳಿದಿತ್ತು.

"ಗಿರ್, ಇಲ್ಲಿದ್ದ ಕೆಂಪು ಡಬ್ಬಿ ನೋಡಿದ್ಯಾ?"

"ಏನಿತ್ತು ಅದ್ರಲ್ಲಿ?"

"ಶಾಲೆ ಯಂತ್ರದ ಮೆಮೊರಿ. ಇಪ್ಪತ್ನಾಲ್ಕೂ ಅದ್ರಲ್ಲೇ ಇತ್ತು."

ವಗಿರಾ ಒಲೆಯ ಮುಂದಿದ್ದಳು. ಅವಳಿಗೆ ಮೊರ ನೆನಪಾಯಿತು. ಹನ್ನೆರಡು ಮೊರ. ಬಾಯಿಂದ ಬಂದದ್ದು ಒಂದೇ ಮಾತು.

"ನೋಡಿಲ್ಲ."

ಯಾಕೆ ಹಾಗೆಂದಳು ಎಂದು ಅವಳು ಏಳು ವರ್ಷ ಕೇಳಿಕೊಂಡಳು. ಅವನು ಹೊಡೆಯುವವನಲ್ಲ. ಬೈಯುವವನೂ ಅಲ್ಲ. ಬೈಯುವವನಾಗಿದ್ದರೆ ಹೇಳಿಬಿಡುತ್ತಿದ್ದಳೋ ಏನೋ. ಎರಡು ಬೈಗುಳ ತಿಂದು ಮುಗಿಸಬಹುದಿತ್ತು. ಅವನು ಸುಮ್ಮನೆ ನೋಡುತ್ತಾನಲ್ಲ, ಅದನ್ನು ತಾಳುವುದು ಹೇಗೆ?

ಅವನು ಇಡೀ ದಿನ ಹುಡುಕಿದ. ವಗಿರಾ ಅವನ ಜೊತೆ ಹುಡುಕಿದಳು. ಮಂಚದ ಕೆಳಗೆ ದೀಪ ಹಿಡಿದಳು. ಬಟ್ಟೆಯ ಗಂಟು ಬಿಚ್ಚಿದಳು. ಡಬ್ಬಿ ಅಡುಗೆಮನೆಯಲ್ಲಿ, ಬಟ್ಟೆ ಮುಚ್ಚಿಕೊಂಡು, ಹಪ್ಪಳ ತುಂಬಿಕೊಂಡು ಕೂತಿತ್ತು. ಈ ಹುಡುಕಾಟದ ಮಾತನ್ನು ಮಾತ್ರ ಅವಳು ನೀರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ತೆಂಪೆ ಮಾರುವ ನೆಪದಲ್ಲಿ ಸಂತೆಗೆ ಓಡಿದಳು. ಈರುಳ್ಳಿಯವಳು ಸಿಕ್ಕಳು.

"ಆ ಹಸಿರು ಪಟ್ಟಿನಾ? ಮೊನ್ನೇನೇ ಲಾರಿ ಹತ್ತಿ ಹೋಯ್ತಲ್ಲೇ. ಯಾಕೆ, ಈರುಳ್ಳಿ ಕೊಳೆತಿತ್ತಾ?"

"ಇಲ್ಲ. ಈರುಳ್ಳಿ ಚೆನ್ನಾಗೇ ಇದೆ" ಎಂದು ಹೇಳಿ ಬಂದಳು.

ಆಮಂತ್ರಣ ಹೋಗಿಯಾಗಿತ್ತು. ತಾಲ್ಲೂಕಿನ ಸಾಹೇಬರು ಬರುವುದೆಂದು ನಿಶ್ಚಯವಾಗಿತ್ತು. ತರ್ಮುಜಿ ಇದ್ದ ಮೂವತ್ತೆರಡರಲ್ಲೇ ಚಿತ್ರದ ಪರದೆ ಎಬ್ಬಿಸಿ ನೋಡಿದ. ಒಂದು ಖಾಲಿ ಪುಟ ತೆರೆಯಲು ಹನ್ನೊಂದು ನಿಮಿಷ ಆಯಿತು. ಡಿಸ್ಕು ಮಗುವಿನ ಹಾಗೆ ಅತ್ತಿತು. ಒಂದು ಬಲವಾದ ಯಂತ್ರ ಇದ್ದರೆ ಉಳಿದವು ಅದರ ಹೆಗಲ ಮೇಲೆ ಕೂತು ಓಡುತ್ತವೆ, ಆದರೆ ಅಂಥ ಯಂತ್ರ ಊರಲ್ಲೇ ಇರಲಿಲ್ಲ. ಕೊನೆಗೆ ಹನ್ನೆರಡಕ್ಕೂ ಕಪ್ಪು ಪರದೆ ಹಾಕಿದ. ಅದಕ್ಕೆ ಮೂವತ್ತೆರಡೇ ಸಾಕಿತ್ತು. ಅಕ್ಷರ ಟೈಪು ಮಾಡಬಹುದು, ಲೆಕ್ಕ ಮಾಡಬಹುದು. ಯಂತ್ರ ಓಡುತ್ತಿದೆ ಎಂದಾದರೂ ತೋರಿಸಬಹುದು.

ಕಾರ್ಯಕ್ರಮದ ದಿನ ಮೊದಲು ಊಟ. ಹಳದಿ ಅನ್ನದ ಮೇಲೆ ಹುರಿದ ಈರುಳ್ಳಿ ಉದುರಿಸಿದ್ದರು. ಅದು ವಗಿರಾ ಕೊಟ್ಟ ಈರುಳ್ಳಿ. ಎಲ್ಲರೂ ಹೊಗಳಿ ತಿಂದರು. ಆಮೇಲೆ ಕೋಣೆಯ ರಿಬ್ಬನ್ ಕತ್ತರಿಸಿದರು. ಸಾಹೇಬರು ಮೊದಲ ಯಂತ್ರದ ಮುಂದೆ ಕೂತು ಒಂದು ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣಿಮಿಣಿ ಎಂದಿತು.

"ಇದೇನ್ರೀ, ಕಂಪ್ಯೂಟರೋ ಕರಿಹಲಗೆಯೋ? ಸೀಮೆಸುಣ್ಣ ಎಲ್ಲಿಟ್ಟಿದೀರಿ?"

ಎಲ್ಲರೂ ನಕ್ಕರು. ಬು ರೆತ್ನಾನಿಯ ಮುಖ ಕೆಂಪಾಯಿತು. "ಪಕ್ ತರ್ಮುಜಿ, ಆಗುತ್ತೆ ಅಂದಿದ್ರಲ್ಲ? ಒಂದು ವರ್ಷ ಕಾಯಿಸಿದ್ರಿ. ಮಕ್ಕಳಿಗೆ ಇದನ್ನ ತೋರಿಸ್ಲಾ ನಾನು? ಬಾಯಿಬಿಟ್ಟು ಹೇಳಿ, ಏನಾಯ್ತು?"

ಆಗ ಬು ಸರ್ಮಿ ಹಪ್ಪಳ ತುಂಬಿದ ಕೆಂಪು ಡಬ್ಬಿ ಹಿಡಿದು ಒಳಗೆ ಬಂದಳು. ವಗಿರಾ ತಟ್ಟೆಯಲ್ಲಿ ಹಾಕಿಟ್ಟದ್ದು ಮುಗಿದಿತ್ತು. ಬು ಸರ್ಮಿ ತಾನೇ ಅವಳ ಅಡುಗೆಮನೆಗೆ ಹೋಗಿ ಡಬ್ಬಿ ತಂದಿದ್ದಳು. "ಬಿಸಿ ಬಿಸಿ ಜಗಳ ಆಮೇಲೆ, ಮೊದ್ಲು ಹಪ್ಪಳ ತೊಗೊಳ್ಳಿ ಸಾಹೇಬ್ರೆ!"

ಮುಚ್ಚಳದ ಮೇಲೆ ಬಿಳಿ ಟೇಪಿನ ತುಂಡು ಅಂಟಿತ್ತು. ಅದರ ಮೇಲೆ ತರ್ಮುಜಿಯ ಕೈಬರಹ: ಅರವತ್ನಾಲ್ಕು, ಇಪ್ಪತ್ನಾಲ್ಕು ತುಂಡು, ಶಾಲೆ.

ತರ್ಮುಜಿ ಟೇಪು ನೋಡಿದ. ತಲೆ ಎತ್ತಿದ. ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ವಗಿರಾ ನಿಂತಿದ್ದಳು. ಅವಳನ್ನು ನೋಡಿದ. ಆಮೇಲೆ ಬು ಸರ್ಮಿಯ ಕೈಯಿಂದ ಮುಚ್ಚಳ ತೆಗೆದುಕೊಂಡು, ಉಗುರಿನಿಂದ ಟೇಪು ಕಿತ್ತು, ಉಂಡೆ ಮಾಡಿ ಅಂಗಿಯ ಜೇಬಿಗೆ ಹಾಕಿದ.

"ನನ್ನ ಲೆಕ್ಕ ತಪ್ತು ಬು" ಎಂದ. "ಎಷ್ಟು ಮೆಮೊರಿ ಬೇಕು ಅಂತ ಸರಿಯಾಗಿ ನೋಡ್ಕೊಳ್ಲಿಲ್ಲ. ತಪ್ಪು ನಂದೇ."

ಸಾಹೇಬರ ಬಾಯಲ್ಲಿ ಹಪ್ಪಳ ಇತ್ತು. "ಲೆಕ್ಕ ಬರದವರ ಕೈಗೆ ಲೆಕ್ಕದ ಯಂತ್ರ ಕೊಟ್ರೆ ಇನ್ನೇನಾಗ್ತದೆ!" ಎಂದರು. ಆವತ್ತೇ ಹೆಸರು ಬಿತ್ತು.

ಆ ಹನ್ನೆರಡು ಯಂತ್ರ ಉಗ್ರಾಣಕ್ಕೆ ಹೋದವು. ಮುಂದಿನ ವರ್ಷ ಶಾಲೆಯವರು ಬೇರೆ ಅಂಗಡಿಯವನಿಂದ ಹೊಸದು ತರಿಸಿದರು. ತರ್ಮುಜಿಯ ಬಳಿ ಬರುವವರು ಕಡಿಮೆಯಾದರು. ಬಂದವರೂ "ಈ ಸಲ ಸರಿಯಾಗಿ ಎಣಿಸಿದೀರಾ?" ಎಂದು ಕೇಳಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಗೋಡೆಯ ರಟ್ಟನ್ನು ಬೋರಲು ಹಾಕಿದ.

ಮನೆಯಲ್ಲಿ ಅವನು ಆ ವಿಷಯ ಎತ್ತಲಿಲ್ಲ. ಆವತ್ತು ಸಂಜೆಯೂ ಎತ್ತಲಿಲ್ಲ. ಅವಳು ಮಾಡಿದ ತೆಂಪೆ ತಿಂದ, ಉಪ್ಪು ಸರಿಯಾಗಿದೆ ಎಂದ. ತನ್ನ ಸಾಮಾನಿಗೆ ಬೀಗ ಹಾಕಿಕೊಳ್ಳಲಿಲ್ಲ. ಹಾಕಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಹೋಗುವಾಗ "ರೀ, ಆ ಡಬ್ಬಿ..." ಎಂದು ಬಾಯಿ ತೆರೆದಳು. "ಮಳೆ ಒಳಗೆ ಬರ್ತಿದೆ, ಕಿಟಕಿ ಎಳಿ" ಎಂದ. ಅವಳು ಕಿಟಕಿ ಎಳೆದಳು. ಅವನು ಮುಚ್ಚಿಟ್ಟ ಗುಟ್ಟಿನ ನೆರಳಲ್ಲಿ ಅವಳು ಸುಖವಾಗಿದ್ದಳು.

ಇನ್ನೊಂದಿದೆ. ಸಂತೆಯಲ್ಲಿ ಜನ "ಲೆಕ್ಕ ತಪ್ಪಿದವನ ಹೆಂಡ್ತಿ, ತೆಂಪೆ ಸರಿಯಾಗಿ ಎಣಿಸು" ಎಂದರೆ ಅವಳೂ ಅವರ ಜೊತೆ ನಗುತ್ತಿದ್ದಳು. ನಗದಿದ್ದರೆ ಯಾರಿಗಾದರೂ ಗೊತ್ತಾದೀತು ಎಂಬ ಭಯ. ಒಂದು ದಿನ ಹಾಗೆ ನಗುತ್ತಿದ್ದಾಗ ತಿರುಗಿ ನೋಡಿದರೆ ಅವನು ಹಿಂದೆಯೇ ಚೀಲ ಹಿಡಿದು ನಿಂತಿದ್ದ.

"ಮೆಣಸಿನಕಾಯಿ ತೊಗೊಂಡ್ಯಾ?" ಎಂದ.

ಕೊನೆಗೆ ಬಾವಿಕಟ್ಟೆಯ ಹತ್ತಿರ ಕುಸಿದುಬಿದ್ದ ತರ್ಮುಜಿ, ಸಾಯುವ ಮೊದಲು ಮೂರು ದಿನ ಆಸ್ಪತ್ರೆಯಲ್ಲಿದ್ದ. ಮಾತು ಹೋಗಿತ್ತು. ವಗಿರಾ ಅವನ ಕಿವಿಯ ಹತ್ತಿರ ಬಾಗಿದಳು. ಆದರೆ ಹೇಳಲಿಲ್ಲ. ಸಾಯುವವನಿಗೆ ಹೇಳಿ ತಾನು ಹಗುರಾಗುವುದೆಂದರೆ ಅವನ ಜೇಬಿನಿಂದ ಇನ್ನೊಮ್ಮೆ ಕದ್ದಂತೆ. ಅವನಿಗೆ ಹೇಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳಬೇಕಿತ್ತು.

ನೂರನೆಯ ದಿನ, ಮಧ್ಯಾಹ್ನದ ನಮಾಜು ಮುಗಿಸಿ ಜನ ಬಂದರು. ಗಂಡಸರು ಹೊರಕೋಣೆಯ ಚಾಪೆಯ ಮೇಲೆ ಕೂತರು. ಹೆಂಗಸರು ಪರದೆಯ ಹಿಂದೆ ಅಡುಗೆಮನೆಯಲ್ಲಿ. ಬು ರೆತ್ನಾನಿ ಕೋಲು ಊರಿಕೊಂಡು ಬಂದು ಒಳಗೆ ಒಂದು ಮಣೆಯ ಮೇಲೆ ಕೂತರು. ಪ್ರಾರ್ಥನೆ ಮುಗಿಯಿತು. ಪ್ರಾರ್ಥನೆ ನಡೆಸಿದ ಹಿರಿಯರಾದ ಪಕ್ ಕಾವುಮ್ ಸತ್ತವನ ಬಗ್ಗೆ ನಾಲ್ಕು ಮಾತಾಡಿದರು.

"ಒಳ್ಳೇ ಮನುಷ್ಯ. ಯಾರಿಗೂ ಇಲ್ಲ ಅಂದವನಲ್ಲ. ಲೆಕ್ಕದಲ್ಲಿ ಸ್ವಲ್ಪ ಹಿಂದೆ, ಅದನ್ನ ದೇವರು ಕ್ಷಮಿಸ್ತಾನೆ."

ಚಾಪೆಯ ಮೇಲೆ ಮೆಲ್ಲಗೆ ನಗು ಹರಿಯಿತು. ವಗಿರಾ ಎದ್ದಳು. ಬು ಸರ್ಮಿ ಅವಳ ಸೆರಗು ಹಿಡಿದಳು. "ಎಲ್ಲಿಗ್ ಹೋಗ್ತಿ? ಗಂಡಸ್ರು ಕೂತಿದಾರೆ." ವಗಿರಾ ಬಿಡಿಸಿಕೊಂಡು ಪರದೆ ಸರಿಸಿದಳು.

"ನಂದೊಂದು ಮಾತಿದೆ" ಎಂದಳು. "ದೇವರು ಕ್ಷಮಿಸೋಕೆ ಅಲ್ಲಿ ಏನೂ ಇಲ್ಲ. ಅವರ ಲೆಕ್ಕ ತಪ್ಪಿರಲಿಲ್ಲ."

ಯಾರೋ ಕೆಮ್ಮಿದರು. ಪಕ್ ಕಾವುಮ್ ಕೈ ಎತ್ತಿದರು. "ಆಯ್ತು ಬು, ಹಳೇ ಮಾತು. ತಮಾಷೆಗಂದೆ. ಊಟ ತಣ್ಣಗಾಗ್ತದೆ."

"ತಣ್ಣಗಾಗ್ಲಿ. ಒಂದಕ್ಕೆ ಎರಡು, ಹನ್ನೆರಡಕ್ಕೆ ಇಪ್ಪತ್ನಾಲ್ಕು. ಶಾಲೆ ಯಂತ್ರದ ಮೆಮೊರಿ, ಹನ್ನೊಂದು ತಿಂಗಳು ಒಂದೊಂದಾಗಿ ಕೂಡಿಟ್ಟಿದ್ರು. ನಾನು ಅದನ್ನ ಈರುಳ್ಳಿಯವಳಿಗೆ ಕೊಟ್ಟೆ. ಗೊತ್ತಿಲ್ದೆ ಕೊಟ್ಟೆ. ಅವರು ಕೇಳಿದಾಗ ಗೊತ್ತಿದ್ದೂ ನೋಡಿಲ್ಲ ಅಂದೆ. ಅವರ ಜೊತೆ ಹುಡುಕ್ದೆ ಕೂಡ."

ಗಂಡಸರು ಚಾಪೆ ನೋಡಿದರು. ಒಬ್ಬನೂ ಅವಳ ಮುಖ ನೋಡಲಿಲ್ಲ. ಕೂತುಬಿಡಬೇಕು ಎನ್ನಿಸಿತು, ಕೂರಲಿಲ್ಲ.

ಹಿಂದಿನಿಂದ ಕೋಲಿನ ಸದ್ದು ಬಂತು. ಬು ರೆತ್ನಾನಿ ಪರದೆಯ ಹತ್ತಿರ ನಿಂತಿದ್ದರು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು ಬು. ಆವತ್ತು ಶಾಲೇಲೇ ಗೊತ್ತಾಯ್ತು. ಡಬ್ಬಿ ನೋಡಿದ್ರು."

"ನಾನು ಅಷ್ಟು ಜನರ ಎದುರು ಬಾಯಿಬಿಟ್ಟು ಹೇಳಿ ಅಂದಾಗ?"

"ಆಗ್ಲೇ."

"ನೀವೆಲ್ಲಿದ್ರಿ?"

"ಬಾಗಿಲಲ್ಲಿ. ಚಹಾ ಹಿಡ್ಕೊಂಡಿದ್ದೆ."

ಬು ರೆತ್ನಾನಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿದರು. "ಇಲ್ಲಿಂದ ನಮ್ಮನೆಗೆ ಎಷ್ಟು ದೂರ ಬು ವಗಿರಾ?"

"ಹತ್ತು ನಿಮಿಷ."

"ಏಳು ವರ್ಷ. ಹತ್ತು ನಿಮಿಷ."

ಪಕ್ ಕಾವುಮ್ ಅನ್ನದ ಪೊಟ್ಟಣ ಹಂಚಲು ಕಣ್ಸನ್ನೆ ಮಾಡಿದರು. ಜನ ಪೊಟ್ಟಣ ತೆಗೆದುಕೊಂಡು ಬೇಗ ಬೇಗ ಎದ್ದರು. ಅಡುಗೆಮನೆಯಲ್ಲಿ ಬು ಸರ್ಮಿ ಅಳುತ್ತಿದ್ದಳು. "ಆ ಡಬ್ಬಿ ಹಿಡ್ಕೊಂಡು ಹೋದವಳು ನಾನಲ್ವೇನೆ. ನನ್ನ ಕೈಲಿ ಮಾಡಿಸ್ದಂಗಾಯ್ತಲ್ಲೇ. ನಿನ್ನೆ ಮೊನ್ನೆ ತನಕ ಆಡ್ಕೊಂಡು ನಗ್ತಿದ್ನಲ್ಲೇ ನಾನು" ಎಂದಳು. ವಗಿರಾ ಅವಳ ಹತ್ತಿರ ಹೋಗಲಿಲ್ಲ. ಸಮಾಧಾನ ಮಾಡುವ ಹಕ್ಕು ತನಗಿಲ್ಲ ಎನ್ನಿಸಿತು.

ಬು ರೆತ್ನಾನಿ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ವಗಿರಾ ಬಾಗಿ ಚಪ್ಪಲಿ ತಿರುಗಿಸಿ ಕಾಲಿಗೆ ಸಿಗುವಂತೆ ಇಟ್ಟಳು. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

"ಬೇಡ. ನಾನೇ ಹಾಕ್ಕೋತೀನಿ." ಹಾಕಿಕೊಂಡ ಮೇಲೆ ಅಂದರು: "ನಾಳೆ ಬೆಳಿಗ್ಗೆ ಅವರ ಗೋರಿ ಹತ್ರ ಹೋಗ್ತೀನಿ. ನಂದೂ ಅವರಿಗೆ ಹೇಳೋದಿದೆ. ನೀವು ಬರ್ಬೇಡಿ."

"ಇಲ್ಲ ಬು. ಬರಲ್ಲ."

ಅವರು ಹೋದ ಮೇಲೆ ವಗಿರಾ ಬಾಗಿಲಲ್ಲೇ ನಿಂತಳು. ಬೇಲಿಯ ಆಚೆ ಪಕ್ ಕಾವುಮ್ ಮತ್ತು ತರಕಾರಿಯವನು ಪೊಟ್ಟಣ ಹಿಡಿದು ನಡೆಯುತ್ತಿದ್ದರು. ಅವಳಿರುವುದನ್ನು ಅವರು ನೋಡಲಿಲ್ಲ, ಅಥವಾ ನೋಡಿಯೂ ನೋಡದಂತಿದ್ದರು.

"ಹಂಗಾದ್ರೆ ಆ ಯಂತ್ರ ಓಡ್ತಿದ್ವು ಅನ್ನಿ" ಎಂದ ತರಕಾರಿಯವನು.

"ಓಡ್ತಿದ್ವು" ಎಂದರು ಪಕ್ ಕಾವುಮ್. "ಹನ್ನೆರಡೂ ಓಡ್ತಿದ್ವು."